ನಾಳಿನ ನಾಷ್ಟಾ

ಕಲಬುರಗಿ
೩ ಜೂನ್ ೨೦೨೫

ತೋಂಟೇಶ ಅವರಿಗೆ ಶರಣು.

ಫೋನಿನಲ್ಲಿ ಮಾತಾಡುವುದು ನನಗೆ ಈಗ ಆಗುವುದಿಲ್ಲ. ಬಲಗಿವಿ ಪೂರ್ತಿ ಹೋಗಿದೆ. ಎಡಗಿವಿಗೆ ಹೇಳಿದ್ದರಲ್ಲಿ ಅರ್ಧ ಬೀಳುತ್ತದೆ. ಆದ್ದರಿಂದ ಕಾಗದದ ಮೇಲೆ ಬರೆಯುತ್ತಿದ್ದೇನೆ, ಮಗಳು ವರ್ಷಿಣಿ ಫೋಟೋ ತೆಗೆದು ನಿಮಗೆ ಕಳಿಸುತ್ತಾಳೆ. ನೀವು ಬರೆಯುವವರಲ್ಲ, ಅದು ನನ್ನ ತಂಗಿಯನ್ನು ನಿಮಗೆ ಕೊಟ್ಟಾಗಿನಿಂದ ಗೊತ್ತು. ನಿಮ್ಮ ರೂಢಿಯಂತೆ ಫೋನಿಗೆ ಮಾತಾಡಿ ಕಳಿಸಿ. ಅವಳು ಕೇಳಿ, ಒಂದು ಮಾತೂ ಬಿಡದೆ ಬರೆದು ನನ್ನ ಕೈಗೆ ಕೊಡುತ್ತಾಳೆ.

ವಿಷಯ ಇದು. ವರ್ಷಿಣಿಗೆ ನಿಮ್ಮ ವಿಶ್ವವಿದ್ಯಾಲಯದಲ್ಲೇ ಸಂಶೋಧನೆಗೆ ಸೀಟು ಸಿಕ್ಕಿದೆ. ಆಗಸ್ಟ್ ಎರಡನೆಯ ವಾರ ಸೇರಬೇಕು. ನಿಮಗೆ ಇಲ್ಲಿಯವರೆಗೆ ಹೇಳದ ಒಂದು ಸಂಗತಿ ಇದೆ. ಹೋದ ವರ್ಷ ಅವಳಿಗೂ ನನ್ನ ತಂಗಿಗಿದ್ದ ಕಾಯಿಲೆಯೇ ಎಂದು ಡಾಕ್ಟರು ಹೇಳಿದರು. ಗೋಧಿ, ರವೆ, ಮೈದಾ ಯಾವುದೂ ಮುಟ್ಟುವಂತಿಲ್ಲ. ಹಾಲು ಮೊಸರೂ ಆಗುವುದಿಲ್ಲ. ಮನೆತನದಲ್ಲಿ ಇಳಿದು ಬರುತ್ತದಂತೆ.

ಅವಳು ನಿಮ್ಮ ಮನೆಯಲ್ಲಿ ಇರಬಹುದೆ? ತಂಗಿಯನ್ನು ಕಳೆದುಕೊಂಡ ಊರಿಗೆ ಮಗಳನ್ನು ಕಳಿಸಲು ನನಗೆ ಧೈರ್ಯವಿಲ್ಲ. ಆದರೆ ಶಿವರಂಜನಿಗೆ ಐದು ವರ್ಷ ಕೈಯಾರೆ ಮಾಡಿ ಹಾಕಿದವರು ನೀವು. ಅವಳು ಹೋದದ್ದು ನಿಮ್ಮ ಅಡುಗೆಯಿಂದಲ್ಲ, ತನ್ನ ನಾಲಿಗೆಯಿಂದ. ಅದನ್ನು ಅಕ್ಕನಾಗಿ ನಾನೇ ಹೇಳುತ್ತೇನೆ.

ವರ್ಷಿಣಿ ಬೆಳಗ್ಗೆ ಏಳಕ್ಕೆ ಹೊರಡಬೇಕಾಗುತ್ತದೆ. ನೀವು ಹಿಂದಿನ ಸಂಜೆಯೇ ನಾಷ್ಟಾ ಮಾಡಿಡುತ್ತಿದ್ದಿರಲ್ಲ, ಅದು ಹೇಗೆಂದು ವಿವರವಾಗಿ ತಿಳಿಸಿ.

ಶರಣಬಸಮ್ಮ


ಭೇಲೂಪುರ, ವಾರಾಣಸಿ
೫ ಜೂನ್ ೨೦೨೫
ಧ್ವನಿ ಸಂದೇಶ

ಅಕ್ಕಾರ, ಶರಣ್ರಿ. ವರ್ಷಿಣಿ, ನಾ ನಡುನಡುವ ಕೆಮ್ಮಿದ್ದು ಬರೀಬ್ಯಾಡವಾ.

ನಿಮ್ಮ ಪತ್ರ ಎರಡು ಸಲ ಓದಿದೆ. ಓದಿ ಎದ್ದು ಹೋಗಿ ಒಳಗಿನ ಕೋಣಿ ಕಸಾ ಹೊಡದೆ. ಆ ಕಿಟಕಿ ತಗದು ಎರಡು ವರ್ಷ ಆಗಿತ್ರಿ. ಬರ್ಲಿ, ಬರ್ಲಿ. ಕೇಳೋದೇನೈತಿ ಇದರಾಗ? ಐವತ್ತು ವಯಸ್ಸಿನ ಮನಷ್ಯಾ ಒಬ್ಬನ ಕುಂತು ಗ್ವಾಡಿ ಜೋಡಿ ಮಾತಾಡ್ತೇನಿ. ಈಗ ಮಾತಾಡಾಕ ಒಂದು ಮುಖಾ ಆಗತೇತಿ.

ನಾಷ್ಟಾದ್ದು ಹೇಳ್ತೇನಿ. ನಾ ಬೆಳಿಗ್ಗೆ ಆರಕ್ಕ ಲ್ಯಾಬ್ ತಗೀಬೇಕು. ಮೊಳಕಿಗೆ ಇಟ್ಟ ಬೀಜಾ ಎಣಿಸೋ ಕೆಲಸ ಮುಂಜಾನೇನ ಆಗಬೇಕ್ರಿ. ಅದಕ್ಕ ರಂಜನಿಗೆ ಎಲ್ಲಾ ಹಿಂದಿನ ಸಂಜೀಕೇ ಮಾಡಿ ಮುಚ್ಚಿ ಇಡ್ತಿದ್ದೆ. ಮೊದಲನೇದು ಜೋಳದ ನುಚ್ಚು. ಒಡದ ಜೋಳಾ ತೊಳದು ನಾಕು ತಾಸು ನೆನಿ ಇಟ್ಟು, ಒಂದಕ್ಕ ನಾಕು ನೀರು ಹಾಕಿ, ಸಣ್ಣ ಉರಿ ಮ್ಯಾಲ ಬೇಸೋದು. ಅವಸರ ಮಾಡಿದ್ರ ಮ್ಯಾಲ ಗಂಜಿ, ಒಳಗ ಕಲ್ಲು. ಬೆಳಿಗ್ಗೆ ಅದು ಬಿಗದು ಕುಂತಿರತೇತಿ, ಬಿಸಿನೀರು ಚಿಮುಕಿಸಿ ಕಾಸಿದ್ರ ಮತ್ತ ಮೆತ್ತಗ ಆಗತೇತಿ. ಮಜ್ಜಿಗಿ ಬದಲಿ ಕುಸುಬಿ ಹಾಲು. ಕುಸುಬಿ ಕಾಳು ನೆನಸಿ, ರುಬ್ಬಿ, ಅರಿವ್ಯಾಗ ಹಿಂಡಿದ್ರ ಆಕಳ ಹಾಲು ನಾಚಬೇಕು, ಹಂಗ ಬೆಳ್ಳಗ ಬರತೇತಿ. ಬೆಲ್ಲಾ ಮ್ಯಾಲ ಉದುರಿಸೋದು. ಎರಡನೇದು ಖಡಕ್ ರೊಟ್ಟಿ. ಎಸರು ಹೊಯ್ದು ಹಿಟ್ಟು ನಾದಿ, ತಟ್ಟಿ, ಒಣಗಿಸಿ ಇಟ್ರ ವಾರ ಆದ್ರೂ ಏನೂ ಆಗಂಗಿಲ್ಲ. ಜೋಡಿ ಶೇಂಗಾ ಕುಟ್ಟಿದ ಹಿಂಡಿ, ಮೊಳಕಿ ಹೆಸರಿನ ಪಲ್ಯ. ಇಷ್ಟು ತಿಂದು ಹೋದ್ರ ಹುಡುಗಿ ಮಧ್ಯಾಹ್ನದ ತನಕ ಹಸಿವಿ ಅನ್ನಂಗಿಲ್ಲ.

ಜೋಳಾ ಗದಗಿನಿಂದ ತರಸ್ತೇನಿ, ಮನ್ಯಾಗ ಸಣ್ಣ ಗಿರಣಿ ಇಟಗೊಂಡೇನಿ. ಹೊರಗಿನ ಚಕ್ಕೀಗೆ ಹೋಗೋದೇ ಇಲ್ಲ. ಅಕ್ಕಾರ, ನನ್ನ ನೌಕರಿನ ಅದು. ಒಂದು ಬೊಗಸಿ ಬೀಜದಾಗ ಬ್ಯಾರೆ ಬೆಳೀದು ಒಂದ ಒಂದು ಕಾಳು ಇದ್ರೂ ಹೆಕ್ಕಿ ತಗೀತೇನಿ. ನನ್ನ ಅಡಗಿಮನಿಯಿಂದ ಗೋಧಿ ರಂಜನಿ ಹೊಟ್ಟಿಗೆ ಹೋಗಿರಾಕ ಸಾಧ್ಯನ ಇಲ್ಲ.

ಆದ್ರ ಡಾಕ್ಟರ್ ಪ್ರತಿ ಸಲ ಅಂತಿದ್ರು, ಎಲ್ಲಿಂದೋ ಗೋಧಿ ಹೋಗೇ ಹೋಗಾಕತ್ತೇತಿ, ಪೇಷಂಟಿಗೆ ಕೇಳ್ರಿ ಅಂತ. ಮನಿಯಿಂದ ಅಲ್ಲಾ ಅಂದ್ರ ಹೊರಗಿಂದ. ಅಕಿ ಸಂಜೀಕೆ ಕೇದಾರ ಘಾಟಿಗೆ ನಡಕೋತ ಹೋಗ್ತಿದ್ಳು, ಹಾದ್ಯಾಗ ಗೋಪಿನಾಥನ ಕಚೋರಿ ಅಂಗಡಿ. ಕಡೀಕ ಒಂದಿನ ನಾನ ಅಕಿನ್ನ ಕರಕೊಂಡು ಹೋಗಿ ಅವಂಗ ಹೇಳಿದೆ, ಈಕಿ ಬೇಡಿದ್ರೂ ಕೊಡಬ್ಯಾಡಪಾ, ಈಕಿಗೆ ಅದು ವಿಷಾ ಅಂತ. ನಾಕು ಮಂದಿ ನಿಂತಿದ್ರು. ರಂಜನಿ ಎಂದೂ ತಲಿ ಮ್ಯಾಲ ಸೆರಗು ಹೊತ್ತಕಿ ಅಲ್ಲ, ಅವತ್ತ ಹೊತ್ಕೊಂಡ್ಳು. ಮನಿಗೆ ಬಂದು ಒಂದ ಮಾತು ಅಂದ್ಳು. "ನಾ ತಿಂದಿಲ್ಲ."

ಅದನ್ನ ಕಡೀತನಕ ಅಂದ್ಳು. ನಾ ನಂಬಲಿಲ್ರಿ. ಹೋಗ್ಲಿ ಬಿಡ್ರಿ. ವರ್ಷಿಣಿ ಶಾಣ್ಯಾಕಿ, ಹಂಗ ಮಾಡಂಗಿಲ್ಲ.


ಕಲಬುರಗಿ
೯ ಜೂನ್ ೨೦೨೫

ತೋಂಟೇಶ ಅವರಿಗೆ ಶರಣು.

ನಿಮ್ಮ ಸಂದೇಶ ವರ್ಷಿಣಿ ಬರೆದುಕೊಟ್ಟಳು. ಕೆಮ್ಮು ಬಿಟ್ಟಿದ್ದಾಳೆ. ಕುಸುಬಿ ಹಾಲನ್ನು ನಿನ್ನೆ ಮಾಡಿ ನೋಡಿದೆವು. ಅವಳು ಎರಡು ಬಟ್ಟಲು ಕುಡಿದಳು. ಎಷ್ಟೋ ತಿಂಗಳ ಮೇಲೆ ಮಗಳ ಹೊಟ್ಟೆ ತುಂಬಿದ್ದು ನೋಡಿದೆ. ನಿಮಗೆ ಋಣಿ.

ನಿಮ್ಮ ಮನಸ್ಸಿಗೆ ಭಾರ ಇಟ್ಟುಕೊಳ್ಳಬೇಡಿ. ರಂಜನಿಗೆ ಚಿಕ್ಕಂದಿನಿಂದಲೂ ಕರಿದದ್ದು ಎಂದರೆ ಜೀವ. ಸುಳ್ಳು ಹೇಳುವಾಗಲೂ ಅವಳ ಮುಖ ಹಾಲಿನಂತೆ ಇರುತ್ತಿತ್ತು.

ಒಂದು ಮಾತು. ನೀವು ಮಾತಾಡುವಷ್ಟು ಹೊತ್ತೂ ಹಿಂದೆ ಯಾರೋ ರೊಟ್ಟಿ ತಟ್ಟುತ್ತಿದ್ದರು ಎಂದು ವರ್ಷಿಣಿ ಹೇಳಿದಳು. ಒಂದೇ ಲಯ, ನಡುವೆ ಹಿಟ್ಟು ಉದುರಿಸಲು ಬಿಡುವಷ್ಟೇ ಬಿಡುವು ಅಂತೆ. ಅಡುಗೆಗೆ ಹೆಣ್ಣುಮಗಳನ್ನು ಇಟ್ಟುಕೊಂಡಿದ್ದೀರೆಂದು ತಿಳಿದೆ. ಒಳ್ಳೆಯದಾಯಿತು. ನಮ್ಮ ಕಡೆಯವರೇ? ಆ ಊರಿನವರಿಗೆ ತಟ್ಟಲು ಬರುವುದಿಲ್ಲವಲ್ಲ.

ಶರಣಬಸಮ್ಮ


ಭೇಲೂಪುರ, ವಾರಾಣಸಿ
೧೦ ಜೂನ್ ೨೦೨೫
ಧ್ವನಿ ಸಂದೇಶ

ಅಕ್ಕಾರ, ಕೆಳಗಿನ ಮನ್ಯಾಗಿನ ಸದ್ದು ಇರಬೇಕ್ರಿ. ಫೋನಿಗೆ ಎಲ್ಲೆಲ್ಲಿದೋ ಕೇಳಸ್ತೇತಿ. ನಾ ಯಾರನ್ನೂ ಇಟಗೊಂಡಿಲ್ಲ.

(ಬಿಡುವು.)

ಕೆಳಗಿನವರು ಬನಾರಸದ ಮಂದಿ. ಅವರು ಲಟ್ಟಣಗಿ ಹಿಡದು ಲಟ್ಟಸ್ತಾರ. ತಟ್ಟಂಗಿಲ್ಲ. ಸುಳ್ಳು ಯಾಕ ಹೇಳ್ಲಿ ನಿಮಗ.

ನನಗೂ ಕೇಳಸ್ತೇತ್ರಿ. ದಿನಾ ಅಲ್ಲ. ನಾ ನುಚ್ಚು ಒಲಿ ಮ್ಯಾಲ ಇಟ್ಟು ಹೊರಗಿನ ಕೋಣ್ಯಾಗ ಬಂದು ಕುಂತಾಗ. ಎದ್ದು ಹೋಗಿ ನೋಡಿದ್ರ ಏನೂ ಇಲ್ಲ, ನುಚ್ಚು ಗುಳುಗುಳು ಅಂತಿರತೇತಿ. ಮೊದಲ ನಾ ಅಂದ್ಕೊಂಡಿದ್ದೆ, ನನಗ ಅಷ್ಟ ಕೇಳಸ್ತೇತಿ ಅಂತ. ಈಗ ವರ್ಷಿಣಿ ಸೈತ ಕೇಳ್ಯಾಳ ಅಂದ್ರ, ಏನ್ ಅನ್ನಬೇಕೋ ಗೊತ್ತಿಲ್ಲ. ಹುಡುಗಿ ಹೆದರೋದು ಬ್ಯಾಡ. ನಾ ಹೆದರಿಲ್ಲ.

ಇನ್ನೊಂದು ಹೇಳ್ತೇನಿ, ನಗಬ್ಯಾಡ್ರಿ. ನಾ ಇವತ್ತಿಗೂ ಇಬ್ಬರಿಗೆ ಆಗುವಷ್ಟ ಮಾಡ್ತೇನಿ. ಒಬ್ಬನ ಪೂರ್ತೆ ಮಾಡಾಕ ಹೋದೆ, ಕೈಗೆ ಅಳತಿ ಬರವಲ್ದು. ಅಕಿ ಡಬ್ಬಿ ಮುಚ್ಚಿ ಇಡ್ತೇನಿ. ಲ್ಯಾಬಿನಿಂದ ಬಂದು ಅದನ್ನೂ ನಾನ ತಿಂತೇನಿ. ಎಲ್ಲಾರೂ ನನಗ ಮೈ ಬಂದೈತಿ ಅಂತಾರ. ಹೆಂಡ್ತಿ ಸತ್ತ ಮ್ಯಾಲ ದಪ್ಪಾದ ಗಂಡಸು ಬನಾರಸದಾಗ ನೀ ಒಬ್ಬನ ಅಂತ ನಮ್ಮ ಲ್ಯಾಬಿನ ವಿನಾಯಕ ಚ್ಯಾಷ್ಟಿ ಮಾಡ್ತಾನ.

ಆ ಮಾತೂ ಹಂಗ ಐತ್ರಿ ಇಲ್ಲಿ. "ನಾ ತಿಂದಿಲ್ಲ" ಅಂದಿದ್ದು. ಸಿಟ್ಟಿಲೆ ಅಂದಿದ್ರ ಬಿಟ್ಟು ಹೋಗ್ತಿತ್ತು. ಸಮಾಧಾನದಿಂದ ಅಂತಿದ್ಳು, ನೀರು ಬಂದಿಲ್ಲ ಅಂದಂಗ.

ಇರ್ಲಿ. ಬರೋ ಸೋಮವಾರ ಮಠಕ್ಕ ಹೋಗಿ ಬರ್ತೇನಿ. ವರ್ಷಿಣಿ ಆರೋಗ್ಯದ ಸಲುವಾಗಿ ಒಂದು ಪದ್ಧತಿ ಐತಿ, ನಮ್ಮವ್ವ ನಡಸಿಕೊಂಡು ಬಂದಿದ್ದು. ರಂಜನಿಗೂ ಮಾಡಿದ್ದೆ, ಅಕಿಗೆ ಹೇಳಿದ್ದಿಲ್ಲ. ಸಾಯನ್ಸ್ ಕಲಿಸೋ ಟೀಚರಲ್ರಿ, ನಗ್ತಿದ್ಳು. ನಿಮಗ ಆಮ್ಯಾಲ ಹೇಳ್ತೇನಿ.


ಭೇಲೂಪುರ, ವಾರಾಣಸಿ
೧೭ ಜೂನ್ ೨೦೨೫
ಧ್ವನಿ ಸಂದೇಶ

ಅಕ್ಕಾರ, ಶರಣ್ರಿ. ವಿಚಾರ ಮಾಡಿದೆ. ವರ್ಷಿಣಿಗೆ ಹಾಸ್ಟೆಲ್ ಛಲೋ ಅನಸ್ತೇತಿ. ಮಳಿಗಾಲದಾಗ ಈ ಮನಿ ಗ್ವಾಡಿ ಒದ್ದಿ ಆಗತಾವ. ನಂದೂ ಕೆಲಸ ಬಹಳ ಐತಿ. ಅಕಿಗೆ ಒಂದು ಸಣ್ಣ ಒಲಿ, ಹೊಸಾ ಪಾತ್ರಿ ಕೊಡಸ್ರಿ, ಅಕಿ ತಾನ ಮಾಡ್ಕೊಳ್ಳಿ. ನನ್ನ ಮನಿಗೆ ಬ್ಯಾಡ.

ಇಷ್ಟ ಹೇಳೋದಿತ್ತು.


ಕಲಬುರಗಿ
೨೪ ಜೂನ್ ೨೦೨೫

ತೋಂಟೇಶ ಅವರಿಗೆ,

ನಿಮ್ಮ ಸಂದೇಶ ಅರ್ಧ ನಿಮಿಷದ್ದು ಎಂದು ವರ್ಷಿಣಿ ಹೇಳಿದಾಗ ನಾನು ನಂಬಲಿಲ್ಲ. ನೀವು ಶರಣು ಹೇಳಲಿಕ್ಕೇ ಅಷ್ಟು ಹೊತ್ತು ತೆಗೆದುಕೊಳ್ಳುವವರು.

ಇಪ್ಪತ್ತು ದಿನದ ಹಿಂದೆ ಕೋಣೆ ಗುಡಿಸಿದ್ದಿರಿ. ಈಗ ಗೋಡೆ ಒದ್ದೆಯಾಗುತ್ತದೆ ಎನ್ನುತ್ತೀರಿ. ನಾನು ಮೂವತ್ತೆರಡು ವರ್ಷ ಶಾಲೆ ನಡೆಸಿದವಳು, ನೆವ ಯಾವುದು ನಿಜ ಯಾವುದು ಎಂದು ತಿಳಿಯದವಳಲ್ಲ. ರೊಟ್ಟಿ ತಟ್ಟುವ ಸದ್ದನ್ನು ನೀವು ದೆವ್ವದ ಕಥೆ ಮಾಡಿದಾಗಲೇ ನನಗೆ ಅನುಮಾನ ಬಂತು. ಮನೆಗೆ ಒಬ್ಬಳನ್ನು ತಂದುಕೊಂಡಿದ್ದರೆ ತಪ್ಪೇನಿಲ್ಲ. ನಿಮಗಿನ್ನೂ ಐವತ್ತು. ಸತ್ತ ನನ್ನ ತಂಗಿಯ ಹೆಸರಿನ ಹಿಂದೆ ಅವಳನ್ನು ಬಚ್ಚಿಡಬೇಡಿ. ನೇರವಾಗಿ ಹೇಳಿದ್ದರೆ ನಾನೇ ಸೀರೆ ಕಳಿಸುತ್ತಿದ್ದೆ.

ವರ್ಷಿಣಿಯ ವ್ಯವಸ್ಥೆಯನ್ನು ನಾವು ನೋಡಿಕೊಳ್ಳುತ್ತೇವೆ.

ಶರಣಬಸಮ್ಮ


ಭೇಲೂಪುರ, ವಾರಾಣಸಿ
೧೧ ಜುಲೈ ೨೦೨೫
ಧ್ವನಿ ಸಂದೇಶ

ವರ್ಷಿಣಿ, ಇದನ್ನ ಎಲ್ಲಾ ಬರೀಬೇಕು ನೀ. ನಿಮ್ಮವ್ವಗ ಬ್ಯಾಸರ ಆಗತೇತಿ ಅಂತ ಏನೂ ಬಿಡಬ್ಯಾಡ. ನನ್ನ ಕಾಪಾಡಾಕ ಅಂತ ಸೈತ ಬಿಡಬ್ಯಾಡ.

ಅಕ್ಕಾರ, ನನ್ನ ಮನ್ಯಾಗ ಯಾವ ಹೆಂಗಸೂ ಇಲ್ರಿ. ನೀವು ಹಂಗ ತಿಳಕೊಂಡ್ರಲ್ಲ, ಒಂದು ಗಳಿಗಿ ನನಗ ಹಗುರ ಅನಸ್ತು. ಅದ ಇರ್ಲಿ, ನಿಜಾ ಹೇಳೋದು ತಪ್ಪತೇತಿ ಅಂತ. ಹದಿನೇಳು ದಿನಾ ಹಂಗ ಇದ್ದೆ.

ನಮ್ಮೂರಾಗ ನಾವು ಸಣ್ಣವರಿದ್ದಾಗ ಜಡ್ಡು ಬಂದ್ರ ನಮ್ಮವ್ವ ಮಠದ ಅಯ್ಯನವರ ಜೋಳಿಗ್ಯಾಗಿಂದು ಒಂದು ಮುಟಗಿ ಹಿಟ್ಟು ಬೇಡಿ ತರ್ತಿದ್ಳು. ಮನಿಮನಿ ಭಿಕ್ಷಾದ ಹಿಟ್ಟು ಅದು. ನೂರು ಮನೀದು ಒಂದು ಕಡೆ ಕೂಡಿದ್ದು, ಅದರಾಗ ಗುಣಾ ಇರತೇತಿ ಅಂತ ನಂಬಿಕಿ. ಅದನ್ನ ಮನಿ ಹಿಟ್ಟಿನಾಗ ಕೂಡಿಸಿ ರೊಟ್ಟಿ ಮಾಡಿ ಕೊಡ್ತಿದ್ಳು. ನಮಗ ಆರಾಮೂ ಆಗ್ತಿತ್ತು.

ರಂಜನಿಗೆ ಜಡ್ಡು ಅಂತ ಗೊತ್ತಾದ ತಿಂಗಳಿನಿಂದ ನಾ ಇಲ್ಲಿ ಮಠಕ್ಕ ಹೋಗಾಕ ಹತ್ತಿದೆ. ಅಲ್ಲಿ ನಮ್ಮ ಕಡೆಯವರು, ಕೊಟ್ಟೂರಯ್ಯನವರು ಅಂತ ಇದ್ರು. ಮನಿಯವರಿಗೆ ಆರಾಮಿಲ್ರಿ ಅಂದೆ, ಅಷ್ಟ. ಏನ್ ಜಡ್ಡು ಅಂತ ಅವರು ಕೇಳಲಿಲ್ಲ, ನಾ ಹೇಳಲಿಲ್ಲ. ಪ್ರತಿ ಸೋಮವಾರ ಒಂದು ಮುಟಗಿ ಹಿಟ್ಟು ಅರಿವ್ಯಾಗ ಕಟ್ಟಿ ಕೊಡ್ತಿದ್ರು. ನಾ ಕಣ್ಣಿಗೆ ಒತ್ಕೊಂಡು ತಂದು, ಕಣ್ಣು ಮುಚ್ಚಿ, ಅಕಿ ಜೋಳದ ಹಿಟ್ಟಿನ ಡಬ್ಬ್ಯಾಗ ಹಾಕಿ ಕಲಸ್ತಿದ್ದೆ. ಐದು ವರ್ಷ. ಒಂದು ಸೋಮವಾರ ತಪ್ಪಿಸಿಲ್ಲ.

ಹೋದ ತಿಂಗಳು ವರ್ಷಿಣಿ ಸಲುವಾಗಿ ಹೋದೆ. ಕೊಟ್ಟೂರಯ್ಯನವರು ಲಿಂಗೈಕ್ಯ ಆಗ್ಯಾರ, ಈಗ ಪ್ರಭುಲಿಂಗಯ್ಯ ಅಂತ ಒಬ್ರು ಬಂದಾರ. ಅವರು ಹಿಟ್ಟು ಕಟ್ಟಿ ಕೊಟ್ರು. ಹುಡುಗಿಗೆ ಗೋಧಿ ಆಗಂಗಿಲ್ರಿ, ಜೋಳದ್ದು ಐತೇನು ಅಂತ ನಾ ಮಾತಿಗೆ ಅಂದೆ. ಅವರು ನನ್ನ ಮುಖಾ ನೋಡಿದ್ರು. "ಕಾಶ್ಯಾಗ ಜೋಳಾ ಯಾರ್ ಹಾಕ್ತಾರ್ರೀ ಜೋಳಿಗಿಗೆ? ಇದು ಗೋಧಿ. ಮೊದಲಿಂದನೂ ಗೋಧೀನ."

ಹೊಳೆಯಬೇಕಿತ್ತಲ್ಲರಿ ನನಗ. ಬೀಜಾ ಆರಸೋ ಮನಷ್ಯಾ ನಾ. ಕಣ್ಣು ತಗದು ಒಮ್ಮೆ ನೋಡಿದ್ರ ಬಣ್ಣಾನ ಹೇಳ್ತಿತ್ತು. ಪ್ರಸಾದ ಅಂತ ನೋಡಲಿಲ್ಲ. ಜೋಳಿಗಿ ಹಿಟ್ಟು ಅಂದ್ರ ಜೋಳದ್ದು ಅಂತ ಗದಗಿನ್ಯಾಗ ಕಣ್ಣು ಮುಚ್ಚಿದವ ಕಾಶ್ಯಾಗ ತಗೀಲಿಲ್ಲ.

ಮಠದವರದು ಏನೂ ತಪ್ಪಿಲ್ರಿ. ಬೇಡಿದವ ನಾನು.

ಇನ್ನೊಂದು ಉಳದೇತಿ. ಕಡೀ ವರ್ಷ ಅಕಿಗೆ ಭಾಳ ಆತಲ್ಲ, ಮೂವತ್ತಾರು ಕಿಲೋಕ್ಕ ಬಂದ್ಳು. ಅವಾಗ ನಾ ಅಯ್ಯನವರಿಗೆ ಕೇಳಿ ಎರಡೆರಡು ಮುಟಗಿ ತಂದೆ.

ಬೆಳಿಗ್ಗೆ ಡಬ್ಬಿ ಮುಂದ ಕುಂತು ತಿಂತಿದ್ಳು. ನಾ ಮಾಡಿದ್ದು ಅಂತ ಒಂದು ತುಣುಕು ಬಿಡ್ತಿದ್ದಿಲ್ಲ. ಸಂಜೀಕೆ ನಾ ಬಂದು ಅಕಿ ಚೀಲಾ ತಪಾಸ್ ಮಾಡ್ತಿದ್ದೆ, ಕಚೋರಿ ಎಣ್ಣಿ ಕಲೆ ಐತೇನು ಅಂತ.

ಅಕಿ ತಿಂದಿದ್ದಿಲ್ರಿ ಅಕ್ಕಾರ.


ಕಲಬುರಗಿ
೧೩ ಜುಲೈ ೨೦೨೫

ಕಾಕಾ,

ಎಲ್ಲಾ ಬರೆದಿದ್ದೇನೆ. ಅವ್ವನ ಕೈಗೆ ಇನ್ನೂ ಕೊಟ್ಟಿಲ್ಲ. ಎರಡು ದಿನದಿಂದ ಪುಸ್ತಕದ ಒಳಗೆ ಇಟ್ಟುಕೊಂಡು ತಿರುಗಾಡುತ್ತಿದ್ದೇನೆ. ಇವತ್ತು ಸಂಜೆ ಕೊಡುತ್ತೇನೆ.

ಚಿಕ್ಕಮ್ಮ ಹೋಗುವ ಮುಂಚೆ ನನಗೊಮ್ಮೆ ಫೋನ್ ಮಾಡಿದ್ದಳು. ಆಗ ನನಗೆ ಜಡ್ಡು ಗೊತ್ತಿರಲಿಲ್ಲ. ಹೊಟ್ಟೆ ನೋವಿನ ಬಗ್ಗೆ ಏನೂ ಹೇಳಲಿಲ್ಲ. ನಿನ್ನ ಕಾಕಾ ಮಾಡುವ ನುಚ್ಚು ತಿನ್ನಲಿಕ್ಕಾದರೂ ಒಮ್ಮೆ ಬಾ ಎಂದಳು. ಆ ಹಿಟ್ಟಿನ ವಿಷಯ ಅವಳಿಗೆ ಗೊತ್ತಿರಲಿಲ್ಲ ಎಂದೇ ನನಗನಿಸುತ್ತದೆ. ಗೊತ್ತಿದ್ದರೆ ಎಂದು ಯೋಚಿಸಲು ಆಗುವುದಿಲ್ಲ.

ನೀವು ಒಂದೂ ಮಾತು ಬಿಡಬೇಡ ಎಂದಿರಿ, ಅದಕ್ಕೆ ಇದನ್ನೂ ತಿಳಿಸುತ್ತೇನೆ. ಈ ಸಲವೂ ಆ ಸದ್ದು ಇತ್ತು. ನೀವು ಕೊನೆಯ ಮಾತು ಹೇಳಿ ಸುಮ್ಮನಾದ ಮೇಲೆ ನಲವತ್ತು ಸೆಕೆಂಡು ಫೋನ್ ಆರಿಸಿಲ್ಲ. ಅಷ್ಟು ಹೊತ್ತೂ ಇತ್ತು.

ವರ್ಷಿಣಿ


ಕಲಬುರಗಿ
೨ ಆಗಸ್ಟ್ ೨೦೨೫

ತೋಂಟೇಶ ಅವರಿಗೆ,

ಇಪ್ಪತ್ತು ದಿನ ಬರೆಯಲಿಲ್ಲ. ಏನು ಬರೆಯಬೇಕೆಂದು ತಿಳಿಯದೆ ಅಲ್ಲ. ಬರೆದದ್ದನ್ನೆಲ್ಲ ಹರಿದುಹಾಕಿದೆ.

ಮೊದಲ ನಾಲ್ಕು ದಿನ ನಿಮ್ಮನ್ನು ಶಪಿಸಿದೆ. ಐದನೆಯ ದಿನ ನನ್ನ ಸರದಿ ಬಂತು. ನಿಮಗೆ ಗೊತ್ತಿಲ್ಲದ್ದು ಇದೆ. ನೀವು ಕಚೋರಿ ಅಂಗಡಿಯ ಮುಂದೆ ಅವಳನ್ನು ನಿಲ್ಲಿಸಿದ ದಿನ ಸಂಜೆ ಅವಳು ನನಗೆ ಫೋನ್ ಮಾಡಿ ಅತ್ತಳು. ನೀನಾದರೂ ನಂಬು ಅಕ್ಕಾ ಎಂದಳು. ನಾನು ಹೆಡ್ಮಿಸ್ಟ್ರೆಸ್ ಆಗಿಯೇ ಉತ್ತರ ಕೊಟ್ಟೆ. ಆ ಚಾಳಿ ಬಿಡುವವರೆಗೆ ನನಗೆ ಫೋನ್ ಮಾಡಬೇಡ ಎಂದೆ. ಅವಳು ಮಾಡಲಿಲ್ಲ. ನಲವತ್ತೊಂದನೆಯ ದಿನ ನೀವು ಮಾಡಿದಿರಿ, ಅವಳು ಹೋದಳೆಂದು ಹೇಳಲು.

ಅವಳು ಸುಳ್ಳು ಹೇಳುವಾಗ ಮುಖ ಹಾಲಿನಂತಿರುತ್ತಿತ್ತು ಎಂದು ಬರೆದಿದ್ದೆ. ಅವಳು ಹೇಳಿದ ಒಂದು ಸುಳ್ಳನ್ನು ನೆನಪಿಸಿಕೊಳ್ಳಲು ಇಪ್ಪತ್ತು ದಿನ ಪ್ರಯತ್ನಿಸಿದೆ. ಒಂದೂ ಸಿಗಲಿಲ್ಲ.

ನಿಮ್ಮನ್ನು ಕ್ಷಮಿಸುವ ಅಧಿಕಾರ ನನಗಿಲ್ಲ. ನನಗೂ ಯಾರೂ ಉಳಿದಿಲ್ಲ ಕ್ಷಮಿಸಲು. ಆದರೆ ಒಂದು ಕೆಲಸ ನಿಮ್ಮಿಂದ ಆಗಬಹುದು. ಯಾರ ಮುಂದೆ ಅವಳನ್ನು ಕಳ್ಳಿ ಮಾಡಿದಿರೋ ಅವನ ಮುಂದೆ ಹೋಗಿ ನಿಜ ಹೇಳಿ ಬನ್ನಿ.

ವರ್ಷಿಣಿ ಹಾಸ್ಟೆಲಿನಲ್ಲೇ ಇರುತ್ತಾಳೆ. ಹಿಟ್ಟು ಇಲ್ಲಿಂದ ಹೋಗುತ್ತದೆ.

ಶರಣಬಸಮ್ಮ


ಭೇಲೂಪುರ, ವಾರಾಣಸಿ
೫ ಆಗಸ್ಟ್ ೨೦೨೫
ಧ್ವನಿ ಸಂದೇಶ

ಹೋಗಿ ಬಂದೆ ಅಕ್ಕಾರ.

ಮುಂಜಾನೆ ಗದ್ದಲದಾಗ ಹೋದೆ, ಬೇಕಂತನ. ಗೋಪಿನಾಥ ಕಡಾಯಿ ಮುಂದ ಕುಂತಿದ್ದ. ನನ್ನ ನೋಡಿ ಆಯಿಯೇ ಬಾಬೂಜಿ, ಬಹಳ ದಿನಾ ಆತು ಅಂದ. ಕಚೋರಿ ಬ್ಯಾಡಪಾ, ಒಂದು ಮಾತು ಹೇಳೂದೈತಿ ಅಂದೆ. ನನ್ನ ಹಿಂದಿ ಗೊತ್ತಲ್ರಿ ನಿಮಗ, ಇಪ್ಪತ್ತು ವರ್ಷ ಆದ್ರೂ ಭಾವುಕ ಆದ್ರ ಕನ್ನಡಾ ಆಗಿ ಬಿಡತೇತಿ. ಅವತ್ತು ನಾ ಹೇಳಿದ್ದು ಸುಳ್ಳು, ಅಕಿ ಇಲ್ಲಿ ಎಂದೂ ತಿಂದಿದ್ದಿಲ್ಲ, ತಪ್ಪು ನಂದು ಅಂತ ಎಲ್ಲಾರಿಗೂ ಕೇಳೋಹಂಗ ಅಂದೆ. ಮಂದಿ ದೊನ್ನಿ ಹಿಡಕೊಂಡು ನೋಡ್ತಿದ್ರು. ಅವರಿಗೆ ಯಾರು ಏನು ಅಂತ ಗೊತ್ತಿಲ್ಲ.

ಗೋಪಿನಾಥ ಕೈಯಾಗಿನ ಝಾರಿ ಸೌಟು ಕೆಳಗ ಇಟ್ಟ. ನನಗ ಗೊತ್ತಿತ್ತು ಬಾಬೂಜಿ ಅಂದ. ಅವತ್ತಿನ ಮರುದಿನಾ ಅಕಿ ಒಬ್ಬಾಕಿನ ಬಂದಿದ್ಳಂತ ಅವನ ಅಂಗಡಿಗೆ. ತ್ರಾಣ ಇರಲಿಲ್ಲ, ಬೆಂಚಿನ ಮ್ಯಾಲ ಕುಂತು ದಮ್ಮು ತಗೊಂಡು ಕೇಳಿದ್ಳಂತ. "ಭೈಯಾ, ನಾ ಎಂದರ ನಿನ್ನ ಕಡೆ ಏನರ ತಗೊಂಡೇನಾ? ಇಲ್ಲಾ ಅಂತ ನಮ್ಮ ಮನಿಯವರಿಗೆ ಒಂದು ಮಾತು ಬಂದು ಹೇಳ್ತೀಯಾ?"

ಹೇಳ್ತೇನಿ ಅಂದಿದ್ದನಂತ. ಆಮ್ಯಾಲ ಗಂಡಾ ಹೆಂಡ್ತಿ ಮಾಮ್ಲಾ, ನಡುವ ನಾ ಯಾಕ ಅಂತ ಬಿಟ್ಟ. ತಿಂಗಳಾದ ಮ್ಯಾಲ ಕೇಳಿದ್ರ ಅಕಿನ ಇಲ್ಲ. ಅವನೂ ಎರಡು ವರ್ಷದಿಂದ ಹೊತಗೊಂಡು ಕುಂತಿದ್ದ. ಹೇಳಿ ಕಣ್ಣು ಒರಸಿಕೊಂಡ. ಎಣ್ಣಿ ಹೊಗಿ ಅಂದ.

ಸಾಕ್ಷಿ ಹುಡುಕ್ಕೊಂಡು ಹೋಗಿದ್ಳ್ರಿ ಅಕ್ಕಾರ. ನನ್ನ ಕಡೆ ಆಗಲಿಲ್ಲ, ನಿಮ್ಮ ಕಡೆ ಆಗಲಿಲ್ಲ. ಕಚೋರಿ ಮಾರಾವನ ಕಡೆ ಹೋದ್ಳು.


ಕಲಬುರಗಿ
೯ ಆಗಸ್ಟ್ ೨೦೨೫

ತೋಂಟೇಶ ಅವರಿಗೆ ಶರಣು.

ಓದಿದೆ.

ವರ್ಷಿಣಿ ಹದಿನಾಲ್ಕರಂದು ಬೆಳಗ್ಗೆ ಕಂಟೋನ್ಮೆಂಟ್ ಸ್ಟೇಷನ್ನಿಗೆ ಇಳಿಯುತ್ತಾಳೆ. ಕರೆದುಕೊಂಡು ಹೋಗಿ ಹಾಸ್ಟೆಲಿಗೆ ಮುಟ್ಟಿಸಿ. ಹದಿನೇಳರ ಭಾನುವಾರ ನಿಮ್ಮ ಮನೆಯಲ್ಲಿ ನಾಷ್ಟಾ ಮಾಡುತ್ತೇನೆ ಎನ್ನುತ್ತಾಳೆ. ನಾನು ಹೂಂ ಎಂದಿಲ್ಲ. ಬೇಡ ಎನ್ನಲೂ ಬಾಯಿ ಬರಲಿಲ್ಲ.

ಶರಣಬಸಮ್ಮ


ಭೇಲೂಪುರ, ವಾರಾಣಸಿ
೧೯ ಆಗಸ್ಟ್ ೨೦೨೫
ಧ್ವನಿ ಸಂದೇಶ

ಅಕ್ಕಾರ, ಈಗ ಬರದು ಕೊಡಾಕ ಅಲ್ಲಿ ಯಾರೂ ಇಲ್ಲ. ಅದಕ್ಕ ನಿಧಾನ, ಜೋರಾಗಿ ಹೇಳ್ತೇನಿ. ಎಡಗಿವಿಗೆ ಹಿಡಕೋರಿ. ತಿಳೀಲಿಲ್ಲಂದ್ರ ಮತ್ತೊಮ್ಮೆ ಹಚ್ಚರಿ.

ಐತವಾರ ವರ್ಷಿಣಿ ಬಂದಿದ್ಳು. ನಾ ಶನಿವಾರ ಸಂಜೀಕೆ ಎಲ್ಲಾ ಮಾಡಿ ಇಟ್ಟಿದ್ದೆ. ಡಬ್ಬಿ, ಪಾತ್ರಿ, ಗಿರಣಿ ಎಲ್ಲಾ ಹೊಸಾವು. ನೀವು ಕಳಿಸಿದ ಹಿಟ್ಟು. ತಾಟಿನ ಮುಂದ ಕುಂತು, ಕಾಕಾ, ಇದರಾಗ ಏನೇನ್ ಹಾಕೀರಿ ಅಂದ್ಳು. ನೀರಿನಿಂದ ಹಿಡದು ಉಪ್ಪಿನ ತನಕ ಒಂದೊಂದ ಹೇಳಿದೆ. ಅಕಿ ಎಲ್ಲಾ ಕೇಳಿಸಿಕೊಂಡ್ಳು. ಆಮ್ಯಾಲ ತಿಂದ್ಳು. ನುಚ್ಚು ಎರಡು ಸಲ ಹಾಕಿಸಿಕೊಂಡ್ಳು, ರೊಟ್ಟಿ ಮುರಕೊಂಡು ಹಿಂಡಿ ಮುಗಿಸಿದ್ಳು. ನಾ ನೋಡಾಕ ಆಗದ ಕಿಟಕ್ಯಾಗ ನಿಂತೆ.

ಸೋಮವಾರ ಬೆಳಿಗ್ಗೆ ಫೋನ್ ಮಾಡಿದ್ಳು. ಹೊಟ್ಟಿ ಹಿಡದೇತಿ ಕಾಕಾ ಅಂದ್ಳು. ಹೆದರಬ್ಯಾಡ್ರಿ, ಈಗ ಕಡಿಮಿ ಆಗೇತಿ.

ಅವಾಗ ನನ್ನ ಬಾಯಾಗ ಏನ್ ಬಂದಿತ್ತು ಗೊತ್ತೇನ್ರಿ? ಹಾಸ್ಟೆಲ್ ಮೆಸ್ಸಿನ್ಯಾಗ ಏನ್ ತಿಂದಿ ಅಂತ. ನಾಲಿಗಿ ತುದಿ ತನಕ ಬಂತು. ಇಷ್ಟೆಲ್ಲಾ ಆದ ಮ್ಯಾಲೂ ಅದ ಬಂತ್ರಿ. ಹಲ್ಲು ಕಚ್ಚಿ ಹಿಡದೆ. ಕೇಳಲಿಲ್ಲ.

ಫೋನ್ ಇಟ್ಟು ಅಡಗಿಮನ್ಯಾಗ ಹೊಕ್ಕೆ. ಲ್ಯಾಬಿನ್ಯಾಗ ಬೀಜಾ ನೋಡಿದಂಗ ಒಂದೊಂದ ಸಾಮಾನು ನೋಡಿದೆ. ಎಲ್ಲಾ ಹೊಸಾವು ಅಂದ್ನೆಲ್ರಿ, ಒಂದು ಬಿಟ್ಟಿದ್ದೆ. ನಿಮ್ಮವ್ವ ರಂಜನಿಗೆ ಕೊಟ್ಟಿದ್ರಲ್ಲ, ರೊಟ್ಟಿ ತಟ್ಟೋ ಹಲಸಿನ ಮಣಿ. ಅದನ್ನ ಒಗ್ಯಾಕ ಕೈ ಬಂದಿದ್ದಿಲ್ಲ. ಬಿಸಿನೀರಾಗ ಮೂರು ಸಲ ತಿಕ್ಕಿ ಅದರ ಮ್ಯಾಲನ ತಟ್ಟಿದ್ದೆ. ನಡುವ ಒಂದು ಬಿರುಕು ಐತಿ. ಸೂಜಿ ಹಾಕಿ ಕೆರದೆ, ಹಳೇ ಹಿಟ್ಟು ಬಂತು. ಲ್ಯಾಬಿಗೆ ಒಯ್ದು ಮೈಕ್ರೋಸ್ಕೋಪಿನ ಕೆಳಗ ಇಟ್ಟೆ. ಜೋಳದ ಕಣಾ ಮೂಲಿ ಮೂಲಿ ಇರತಾವ, ಗೋಧೀವು ದುಂಡಗ. ದುಂಡನ್ನವು ಇದ್ವು.

ಐದು ವರ್ಷದ್ದು ಅದರೊಳಗ ಕುಂತಿತ್ತು.

ಮಣಿ ಒಲಿಗೆ ಹಾಕಿದೆ ಅಕ್ಕಾರ. ನಿಮ್ಮವ್ವನ್ನ ಕೇಳಿ ಹಾಕಬೇಕಿತ್ತು, ಅವರೂ ಇಲ್ಲ. ನಿನ್ನೆಯಿಂದ ಮನ್ಯಾಗ ಏನೂ ಸದ್ದಿಲ್ಲ. ಫ್ಯಾನ್ ತಿರಗೋದು ಕೇಳಸ್ತೇತಿ.

ಸಂಜೀಕೆ ಹಾಸ್ಟೆಲ್ ಗೇಟಿಗೆ ಹೋಗಿ ವರ್ಷಿಣಿಗೆ ಹೇಳಿದೆ, ತಪ್ಪು ನನ್ನ ಮನೀದು, ನನ್ನ ಕೈ ಮ್ಯಾಲ ನನಗ ಭರೋಸಾ ಇಲ್ಲ, ಇನ್ನ ನೀ ಅಲ್ಲಿ ಉಣ್ಣಬ್ಯಾಡವಾ ಅಂತ. ಅಕಿ ಮುಖಾ ಸಣ್ಣಗ ಆಗಿತ್ತು, ಹೊಟ್ಟಿ ಮ್ಯಾಲ ಕೈ ಇಟ್ಕೊಂಡಿದ್ಳು.

"ಹಂಗಾರ ಬರೋ ಐತವಾರ ನೀವ ಬರ್ರಿ ಕಾಕಾ," ಅಂದ್ಳು. "ಶನಿವಾರ ಸಂಜೀಗೆ ನಾನೇ ಮಾಡಿ ಇಡ್ತೀನಿ. ಬರುವಾಗ ಕೈಯಾಗ ಏನೂ ತರಬ್ಯಾಡ್ರಿ."

ಆತವಾ ಅಂದೀನ್ರಿ.